ನಾರ್ವೆ ಮೇಲಿಂದ ಮೈಸೂರಿಗೆ

ರಜೆಯ ಅರ್ಜಿಯಲ್ಲಿ ನಿಜವಾದ ಕಾರಣ ಬರೆದವರು ಯಾರಾದರೂ ಇದ್ದರೆ ಅವರನ್ನು ಒಮ್ಮೆ ಕಣ್ತುಂಬ ನೋಡಬೇಕೆಂದು ನನಗೆ ಬಹಳ ದಿನಗಳ ಆಸೆ. ನಾನಂತೂ ಬರೆದವನಲ್ಲ. ಶಾಲೆಯಲ್ಲಿದ್ದಾಗ ಹೊಟ್ಟೆನೋವು, ಕಾಲೇಜಿನಲ್ಲಿ ಅಜ್ಜಿಯ ಸಾವು, ಕೆಲಸಕ್ಕೆ ಸೇರಿದ ಮೇಲೆ ‘ತುರ್ತು ಗೃಹಕೃತ್ಯ’. ನನ್ನ ಅಜ್ಜಿ ಹಾಗೆ ಮೂರು ಸಲ ತೀರಿಕೊಂಡು, ಆಮೇಲೆ ನನ್ನ ಮದುವೆಗೆ ಬಂದು ಮುಂದಿನ ಸಾಲಿನಲ್ಲಿ ಕೂತು ಎರಡು ಹೋಳಿಗೆ ಕೇಳಿ ಹಾಕಿಸಿಕೊಂಡರು. ಇಷ್ಟೆಲ್ಲ ಅನುಭವವಿದ್ದೂ ಮಸ್ಕತ್ತಿನಲ್ಲಿ ಒಂದು ಸಲ ನಾನು ಸುಳ್ಳು ಹೇಳಲು ಹೋಗಿ ಚೆನ್ನಾಗಿಯೇ ಎಡವಿದೆ.

ತೈಲದ ಬೆಲೆ ಬಿದ್ದುಹೋದ ವರ್ಷಗಳು ಅವು. ನಮ್ಮ ಆಫೀಸು ಮಸ್ಕತ್ತಿನ ಬೌಷರ್ ಬಡಾವಣೆಯಲ್ಲಿತ್ತು. ತೈಲಬಾವಿಗಳಿಗೆ ಪೈಪು, ವಾಲ್ವು, ನಟ್ಟು, ಬೋಲ್ಟು ಒದಗಿಸುವ ಕಂಪನಿ. ನಾನು ಅದರ ಖರೀದಿ ವಿಭಾಗದವನು. ಬಾವಿ ತೋಡುವುದೇ ನಿಂತ ಮೇಲೆ ಪೈಪು ಯಾರಿಗೆ ಬೇಕು? ಖರೀದಿಸಲು ಏನೂ ಇಲ್ಲದ ಖರೀದಿ ವಿಭಾಗದಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಂಭೀರ ಮುಖ ಹೊತ್ತು ಕೂರುವುದು ಎಷ್ಟು ಕಷ್ಟದ ಕೆಲಸವೆಂದು ಕೂತವರಿಗೇ ಗೊತ್ತು. ಕೆಲಸದಿಂದ ತೆಗೆಯುವ ಪತ್ರಗಳು ನಮ್ಮಲ್ಲಿ ಗುರುವಾರವೇ ಬರುತ್ತಿದ್ದವು. ಶುಕ್ರವಾರ, ಶನಿವಾರ ಹೇಗೂ ರಜೆ; ಪತ್ರ ಪಡೆದವನು ಎರಡು ದಿನ ಮನೆಯಲ್ಲಿ ಅತ್ತು ಭಾನುವಾರದ ಹೊತ್ತಿಗೆ ಹದಕ್ಕೆ ಬಂದಿರುತ್ತಾನೆಂದು ಯೋಚಿಸಿದ್ದರೋ ಏನೋ. ಗುರುವಾರ ಮಧ್ಯಾಹ್ನ ಮೂರರ ಮೇಲೆ ಮ್ಯಾನೇಜರ್ ಸಲೀಂ ಅವರ ಕೋಣೆಯಿಂದ ಯಾರ ಮೇಜಿಗೆ ಫೋನು ಬಂತೋ ಅವರು ಖಲಾಸ್. ಹೀಗಾಗಿ ಯಾರೂ ರಜೆ ಹಾಕುತ್ತಿರಲಿಲ್ಲ. ಖಾಲಿ ಕುರ್ಚಿ ಕಂಡು, ಇವನಿಲ್ಲದೆಯೂ ಆಫೀಸು ನಡೆಯುತ್ತದಲ್ಲ ಎಂದು ಮೇಲಿನವರಿಗೆ ಹೊಳೆದುಬಿಟ್ಟರೆ? ನನ್ನ ಪಕ್ಕದ ಮೇಜಿನ ಬಿರಾದಾರರು, ವಿಜಯಪುರದವರು, ಹಲ್ಲು ಕೀಳಿಸುವುದನ್ನೂ ಮುಂದೂಡಿ ದವಡೆಗೆ ಕರವಸ್ತ್ರ ಒತ್ತಿಕೊಂಡು ಕೂತಿರುತ್ತಿದ್ದರು.

ಇಂಥ ಹೊತ್ತಿನಲ್ಲಿ ನನಗೆ ಮೂರು ವಾರದ ರಜೆ ಬೇಕಾಯಿತು. ಕಾರಣ ನನ್ನ ಹೆಂಡತಿ ಜಯಶ್ರೀ. ಅವಳು ಇಲ್ಲಿಯ ಭಾರತೀಯ ಶಾಲೆಯೊಂದರಲ್ಲಿ ಹದಿನೆಂಟು ವರ್ಷ ಜೀವಶಾಸ್ತ್ರ ಕಲಿಸಿದವಳು. ಹೊರಗೆ ನಲವತ್ತೈದು ಡಿಗ್ರಿ ಬಿಸಿಲಿರುವಾಗ ಬೋರ್ಡಿನ ಮೇಲೆ ಹಿಮಕರಡಿಯ ಚಿತ್ರ ಬರೆದು, ಚಳಿಯಲ್ಲಿ ಅದು ಹೇಗೆ ಬದುಕುತ್ತದೆಂದು ಪ್ರತಿ ವರ್ಷ ಹೇಳಿದವಳು. ಕೆಲಸ ಬಿಟ್ಟಾಗ ಕೈಗೆ ಬಂದ ಗ್ರಾಚ್ಯುಯಿಟಿಯಲ್ಲಿ ಬಳೆ ಮಾಡಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಸದ್ದಿಲ್ಲದೆ ಹಡಗಿನ ಎರಡು ಟಿಕೇಟು ತೆಗೆಸಿದಳು. ನಾರ್ವೆಯ ಮೇಲೆ, ಭೂಪಟದಲ್ಲಿ ಇನ್ನೇನು ಕಾಗದವೇ ಮುಗಿಯುತ್ತದೆ ಎನ್ನುವಲ್ಲಿ, ಸ್ವಾಲ್ಬಾರ್ಡ್ ಎಂಬ ದ್ವೀಪಗಳಿವೆ. ಅವುಗಳ ಸುತ್ತ ಒಂದು ಸಣ್ಣ ಹಡಗಿನಲ್ಲಿ ಹತ್ತು ದಿನ ತಿರುಗುವುದು. ಹಾಡು ಕುಣಿತದ ಹಡಗಲ್ಲ. ಪ್ರಾಣಿ, ಪಕ್ಷಿ, ಮಂಜುಗಡ್ಡೆ ಬಿಟ್ಟರೆ ಬೇರೇನೂ ನೋಡಲಿಕ್ಕಿಲ್ಲ. “ಕರಡಿಯನ್ನು ಯಾವುದಾದರೂ ಮೃಗಾಲಯದಲ್ಲಿ ನೋಡಿದರಾಗದೇ?” ಎಂದು ಕೇಳಿದ್ದಕ್ಕೆ, “ರೀ, ನಾನು ಮೈಸೂರಲ್ಲಿ ಹುಟ್ಟಿ ಬೆಳೆದೋಳು. ಬೋನಿನೊಳಗಿನ ಪ್ರಾಣಿ ಬೇಕಾದಷ್ಟು ನೋಡಿದೀನಿ. ಇದನ್ನ ಅದರ ಮನೇಲೇ ನೋಡ್ಬೇಕು” ಎಂದಳು. ಆಮೇಲೆ ಸ್ವಲ್ಪ ತಡೆದು, “ಅಲ್ಲದೆ ಅಲ್ಲಿ ನಮ್ಮ ನೆಂಟರು ಯಾರೂ ಇಲ್ಲ” ಎಂದು ಸೇರಿಸಿದಳು. ನಮ್ಮ ಇಷ್ಟು ವರ್ಷದ ರಜೆಗಳೆಲ್ಲ ನಾಮಕರಣ, ಗೃಹಪ್ರವೇಶ, ಷಷ್ಟ್ಯಬ್ದಿಗಳಲ್ಲಿ ಕರಗಿಹೋದದ್ದನ್ನು ನೆನೆದರೆ ಅವಳ ಮಾತಿಗೆ ಎದುರಾಡುವ ಹಾಗಿರಲಿಲ್ಲ.

ಟಿಕೇಟು ತೆಗೆಸಿದ್ದು ಒಳ್ಳೆಯ ಕಾಲದಲ್ಲಿ. ಹೊರಡುವ ದಿನ ಬಂದದ್ದು ಕೆಟ್ಟ ಕಾಲದಲ್ಲಿ. ಹಣ ವಾಪಸು ಬರುವಂತಿರಲಿಲ್ಲ. ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಮನೆ ಸಾಮಾನು ಮಾರಿ ಊರಿಗೆ ಹೊರಡುತ್ತಿರುವಾಗ, ನಾನು ಹಿಮಕರಡಿ ನೋಡಲು ಹೋಗುತ್ತೇನೆ ಎಂದು ಯಾವ ಬಾಯಲ್ಲಿ ಹೇಳಲಿ? ಇವನಿಗೇನೂ ತಾಪತ್ರಯವಿಲ್ಲ, ಇವನನ್ನೇ ಮೊದಲು ಕಳಿಸಿ ಎನ್ನುವುದಿಲ್ಲವೇ? ಅದಕ್ಕೆ ಅತ್ತೆಯವರಿಗೆ ಮೈಸೂರಿನಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಎಂದು ಅರ್ಜಿ ಬರೆದೆ. “ನಿಮಗೆ ನಮ್ಮಮ್ಮನ ಕಣ್ಣೇ ಬೇಕಿತ್ತಾ?” ಎಂದು ಜಯಶ್ರೀ ಎರಡು ದಿನ ಮುನಿಸಿಕೊಂಡಳು. ಅವರು ಎಪ್ಪತ್ತೆಂಟರಲ್ಲಿಯೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದರು.

ಇನ್ನೊಂದು ತೊಡಕಿತ್ತು. ನಾರ್ವೆಯ ವೀಸಾಕ್ಕೆ ಕಂಪನಿಯಿಂದ ‘ನಮ್ಮ ಅಭ್ಯಂತರವಿಲ್ಲ’ ಎಂಬ ಪತ್ರ ಬೇಕು. ಸಿಬ್ಬಂದಿ ವಿಭಾಗದ ಗುಮಾಸ್ತನ ಬಳಿ ಹೋಗಿ, ವಿಮಾನ ಆ ಕಡೆಯಿಂದ ಹೋಗುತ್ತದೆ, ಸುಮ್ಮನೆ ಒಂದು ಪತ್ರ ಇರಲಿ ಎಂದೆ. ಮಸ್ಕತ್ತಿನಿಂದ ಬೆಂಗಳೂರಿಗೆ ಮೂರು ಗಂಟೆಯ ದಾರಿ. ಆತ ತಲೆ ಎತ್ತದೆ ಟೈಪು ಮಾಡಿ, ಸೀಲು ಒತ್ತಿ ಕೊಟ್ಟ. ನನ್ನ ಮಾತಿನ ಚಾತುರ್ಯಕ್ಕೆ ನಾನೇ ಮೆಚ್ಚಿ ಕ್ಯಾಂಟೀನಿನಲ್ಲಿ ಒಂದು ಚಹಾ ಹೆಚ್ಚಾಗಿ ಕುಡಿದೆ.

ಹಡಗು ಹತ್ತಿದ ಮರುದಿನವೇ ನಮ್ಮ ಮಾನ ಹೋಯಿತು. ಆ ದ್ವೀಪಗಳಿಗೆ ಹೊರಗಿನ ಒಂದು ಬೀಜವೂ ಹೋಗಬಾರದು ಎಂಬುದು ಅಲ್ಲಿಯ ಕಟ್ಟುನಿಟ್ಟು. ದಡಕ್ಕೆ ಇಳಿಯುವ ಮೊದಲು ಎಲ್ಲರ ಬಟ್ಟೆ, ಚೀಲ, ಜೇಬುಗಳನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದು, ಮೂಲೆಗಳನ್ನು ಚಿಮಟದಿಂದ ಕೆದಕಿ ನೋಡುತ್ತಾರೆ. ಉಳಿದವರೆಲ್ಲ ಹೊಸ ಜಾಕೀಟು ಕೊಂಡು ಬಂದಿದ್ದರು. ನಾನು ಖರ್ಚು ಉಳಿಸಲು ಒಳಗಡೆಗೆ ನನ್ನ ಮದುವೆಯ ಆರತಕ್ಷತೆಗೆ ಹೊಲಿಸಿದ ಉಣ್ಣೆಯ ಕೋಟು ಹಾಕಿಕೊಂಡಿದ್ದೆ. ಗೈಡ್ ಹುಡುಗಿ ಅದರ ಮೇಲುಜೇಬಿನಿಂದ ಒಂದೊಂದಾಗಿ ಹನ್ನೊಂದು ಅಕ್ಷತೆಯ ಕಾಳು ಹೊರತೆಗೆದು ಬಿಳಿ ತಟ್ಟೆಯಲ್ಲಿಟ್ಟಳು. ಜಯಶ್ರೀಯ ಕೈಚೀಲದ ಅಸ್ತರಿನಲ್ಲಿ ಸಾಸಿವೆ, ಮೆಂತ್ಯ, ಎಳ್ಳು, ಯಾವುದೋ ದೇವಸ್ಥಾನದ ತುಳಸಿ ಸಿಕ್ಕವು. ನಮ್ಮ ಹಿಂದೆ ಇಡೀ ಸಾಲು ನಿಂತಿತ್ತು. “ಇದು ಯಾವ ಗಿಡದ ಬೀಜ? ಮೊಳೆಯುತ್ತದೆಯೇ?” ಎಂದು ಹುಡುಗಿ ಕೇಳಿದಳು. ಜಯಶ್ರೀ ಟೀಚರಾಗಿಬಿಟ್ಟಳು. ಇದು ಅಕ್ಕಿ, ಪಾಲಿಶ್ ಆದದ್ದು, ಮೊಳೆಯುವುದಿಲ್ಲ. ಹಿರಿಯರು ಆಶೀರ್ವಾದ ಮಾಡಿ ತಲೆಯ ಮೇಲೆ ಹಾಕುವುದು. ಆದರೆ ಸಾಸಿವೆ ಖಂಡಿತ ಮೊಳೆಯುತ್ತದೆ, ಅದನ್ನು ಬಿಡಬೇಡಿ ಎಂದು ತಾನೇ ಹೇಳಿಕೊಟ್ಟಳು. ಹುಡುಗಿ ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ಮುಚ್ಚಿದಳು. ಅಷ್ಟು ಹಿರಿಯರ ಆಶೀರ್ವಾದ ಹಡಗಿನ ಕಸಕ್ಕೆ ಹೋದದ್ದು ನೋಡಿ, ಆಫೀಸಿನಲ್ಲಿ ಇನ್ನೇನು ಕಾದಿದೆಯೋ ಎಂದು ನನಗೆ ಅಳುಕು ಶುರುವಾಯಿತು.

ಹಡಗಿನಲ್ಲಿ ಇಂಟರ್‌ನೆಟ್ ಇತ್ತು, ಇಲ್ಲವೆನ್ನುವ ಹಾಗಿಲ್ಲ. ಡೆಕ್ಕಿನ ಎಡಬದಿಯ ಒಂದು ಕಂಬಿಯ ಹತ್ತಿರ ನಿಂತು ಫೋನನ್ನು ತಲೆಗಿಂತ ಮೇಲೆ ಹಿಡಿದರೆ ಆಗಾಗ ಒಂದು ಗೆರೆ ಮೂಡುತ್ತಿತ್ತು. ನಾನು ಆ ಕಂಬಿಗೆ ಅಂಟಿಕೊಂಡೆ. ಉಳಿದವರು ರಬ್ಬರ್ ದೋಣಿಯಲ್ಲಿ ಕೋರೆಹಲ್ಲಿನ ವಾಲ್ರಸ್‌ಗಳನ್ನೋ ಇನ್ನೇನನ್ನೋ ನೋಡಲು ಹೋದರೆ, ನನಗೆ ಸೊಂಟನೋವು ಎಂದು ಉಳಿದುಕೊಳ್ಳುತ್ತಿದ್ದೆ. ಆರನೆಯ ದಿನ ಗುರುವಾರ. ಮಸ್ಕತ್ತಿನ ಮೂರೂವರೆ ಗಂಟೆಗೆ ಸರಿಯಾಗಿ ಬಿರಾದಾರರಿಂದ ಒಂದು ಧ್ವನಿ ಸಂದೇಶ ಬಂತು. ಹನ್ನೆರಡು ಸೆಕೆಂಡಿನದು. ಯಾವಾಗಲೂ ಬರೆದೇ ಕಳಿಸುವ ಮನುಷ್ಯ ಮಾತಿನಲ್ಲಿ ಹೇಳುತ್ತಿದ್ದಾನೆಂದರೆ ಬರೆಯಲಾಗದ ಸುದ್ದಿಯೇ ಇರಬೇಕು. ಒತ್ತಿದೆ. ಸಂದೇಶ ಇಳಿಯಲೊಲ್ಲದು; ಚಕ್ರ ಸುತ್ತುತ್ತದೆ, ನಿಲ್ಲುತ್ತದೆ, ಮತ್ತೆ ಸುತ್ತುತ್ತದೆ.

ಆಗಲೇ ಧ್ವನಿವರ್ಧಕದಲ್ಲಿ ಮೆಲ್ಲನೆ ಹೇಳಿದರು: ಬಲಬದಿಗೆ ಕರಡಿ, ಎರಡು ಮರಿಗಳೊಂದಿಗೆ. ಹಡಗಿನ ಎಂಜಿನು ನಿಂತಿತು. ಜನರೆಲ್ಲ ತುದಿಗಾಲಿನಲ್ಲಿ ಬಲಕ್ಕೆ ಸರಿದರು. ಜಯಶ್ರೀ ಬಂದು ನನ್ನ ತೋಳು ಹಿಡಿದು, “ಬನ್ರೀ, ಬೇಗ” ಎಂದಳು. “ಒಂದೇ ನಿಮಿಷ” ಎಂದೆ. ಅವಳು ಇನ್ನೊಮ್ಮೆ ಬಂದಳು. “ಇದೋ ಬಂದೆ, ಅರ್ಧ ಇಳಿದಿದೆ” ಎಂದೆ. ಮೂರನೆಯ ಸಲ ಅವಳು ಬರಲಿಲ್ಲ. ನಲವತ್ತು ನಿಮಿಷದ ಮೇಲೆ ಸಂದೇಶ ಪೂರ್ತಿ ಇಳಿಯಿತು. “ರಾಯರ, ನಿಮ್ಮ ಡ್ರಾವರಿನ ಕೀಲಿ ಎಲ್ಲಿಟ್ಟೀರಿ? ಸ್ಟೇಪ್ಲರ್ ಬೇಕಾಗಿತ್ತು. ಇರ್ಲಿ ಬಿಡ್ರಿ, ಸಿಕ್ತು.” ನಾನು ಬಲಬದಿಗೆ ಓಡಿದೆ. ಜನ ಕ್ಯಾಮೆರಾ ಮುಚ್ಚುತ್ತಿದ್ದರು. ದೂರದ ಮಂಜುಗಡ್ಡೆಯ ಮೇಲೆ ಹಳದಿ ಬಣ್ಣದ ಒಂದು ಚುಕ್ಕಿ ಕಂಡಂತಾಯಿತು. ಅದೂ ಕರಡಿಯೇ ಎಂದು ಪ್ರಮಾಣ ಮಾಡಲಾರೆ. ಜಯಶ್ರೀ ಕಣ್ಣೊರೆಸಿಕೊಂಡು, “ಸಿಕ್ತಾ ಸಿಗ್ನಲ್ಲು?” ಎಂದಳು. ಅಷ್ಟೇ. ಆಮೇಲೆ ಹಡಗಿನಲ್ಲಾಗಲಿ ಮನೆಗೆ ಬಂದ ಮೇಲಾಗಲಿ ಅವಳು ನನ್ನೊಡನೆ ಕರಡಿಯ ಮಾತೆತ್ತಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ. ಅಷ್ಟಕ್ಕೂ ನನ್ನ ತಲೆಯಲ್ಲಿದ್ದದ್ದು ಬೇರೆ ಪ್ರಶ್ನೆ: ನಾನಿನ್ನೂ ಬದುಕಿರುವಾಗ ನನ್ನ ಡ್ರಾವರನ್ನು ಇವರು ಯಾಕೆ ತೆಗೆಯುತ್ತಿದ್ದಾರೆ?

ರಜೆಯಿಂದ ಬಂದವರು ಊರಿನ ಸಿಹಿ ತರುವುದು ನಮ್ಮ ಆಫೀಸಿನ ರೂಢಿ. ಮಸ್ಕತ್ತಿನದೇ ರೂವಿ ಪೇಟೆಯ ಅಂಗಡಿಯಲ್ಲಿ ಒಂದು ಕಿಲೋ ಮೈಸೂರು ಪಾಕು ಕೊಂಡು, ಅಂಗಡಿಯ ಡಬ್ಬಿ ಎಸೆದು, ಮನೆಯ ಸ್ಟೀಲ್ ಡಬ್ಬಿಗೆ ತುಂಬಿಸಿಕೊಂಡು ಹೋದೆ. ಮಂಜಿನ ಬಿಸಿಲಿಗೆ ಮುಖವೆಲ್ಲ ಕೆಂಪಗೆ ಸುಟ್ಟು, ಕಪ್ಪು ಕನ್ನಡಕವಿದ್ದ ಕಡೆ ಮಾತ್ರ ಎರಡು ಬಿಳಿ ವೃತ್ತ ಉಳಿದಿದ್ದವು. ಬಿರಾದಾರರು ಒಂದು ತುಂಡು ಬಾಯಿಗೆ ಹಾಕಿಕೊಂಡು ನನ್ನನ್ನೇ ನೋಡಿದರು. “ಅತ್ತಿಯವರ ಕಣ್ಣ ಹ್ಯಾಂಗ ಅದಾವ್ರಿ ರಾಯರ?” ಚೆನ್ನಾಗಿವೆ ಎಂದೆ. “ಈ ಸಲ ಮೈಸೂರಾಗ ಭಾಳ ಬಿಸಲ ಏನ್ರಿ? ಮಾರಿ ಹಿಂಗ ಸುಟ್ಟದಲ್ಲ?” ಭಾಳ ಎಂದೆ. “ಈ ಪಾಕು ಥೇಟ್ ರೂವೀದು ಇದ್ದಂಗ ಅದ ನೋಡ್ರಿ.” ಅಲ್ಲಿಯ ಅಡುಗೆಯವನು ಮೈಸೂರಿನವನೇ ಇರಬೇಕು ಎಂದೆ. ಸುತ್ತಲಿನ ಮೇಜುಗಳಲ್ಲಿ ಎಲ್ಲರೂ ಒಮ್ಮೆಗೇ ಕಾಗದಗಳನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು.

ಆ ಗುರುವಾರ ಮೂರೂ ಹತ್ತಕ್ಕೆ ನನ್ನ ಮೇಜಿನ ಫೋನು ಬಡಿದುಕೊಂಡಿತು. ಸಲೀಂ ಅವರ ಕೋಣೆಗೆ ನಡೆಯುವ ಇಪ್ಪತ್ತು ಹೆಜ್ಜೆಯಲ್ಲಿ ಮಗಳ ಕಾಲೇಜು, ಬಾಡಿಗೆ, ಊರಿನ ಮನೆಯ ಕಂತು ಎಲ್ಲ ನೆನಪಾದವು. ಕೈ ತಣ್ಣಗಾಗಿತ್ತು, ಸ್ವಾಲ್ಬಾರ್ಡಿನ ಮಂಜಿನಲ್ಲಿಯೂ ಅಷ್ಟು ತಣ್ಣಗಾಗಿರಲಿಲ್ಲ. ಸಲೀಂ ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಮಾತಾಡುವ ಶಾಂತ ಸ್ವಭಾವದ ಒಮಾನಿ. ಕೂರಿಸಿ, ಖರ್ಜೂರ ಮುಂದಿಟ್ಟು, ಪುಟ್ಟ ಬಟ್ಟಲಿಗೆ ಕಾಫಿ ಬಗ್ಗಿಸಿದರು. “ನಾರ್ವೆ ಮೇಲಿಂದ ಮೈಸೂರಿಗೆ ಹೋದವನನ್ನು ನಾನು ನೋಡುತ್ತಿರುವುದು ಇದೇ ಮೊದಲು” ಎಂದರು. ಆ ಗುಮಾಸ್ತ ಪತ್ರವನ್ನು ಅವತ್ತೇ ಇವರ ಸಹಿಗೆ ತಂದಿದ್ದನಂತೆ. ಇಡೀ ಆಫೀಸಿಗೆ ಅವತ್ತೇ ಗೊತ್ತಾಗಿತ್ತಂತೆ. ಕರಡಿಯ ವಿಷಯ ಜಯಶ್ರೀಯ ಶಾಲೆಯ ಕಡೆಯಿಂದ ಬಂದಿತ್ತಂತೆ. ನಾನು ತೊದಲುತ್ತ, “ಸರ್, ನನ್ನ ಹೆಸರು...” ಎಂದೆ. “ನಿನ್ನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ನೀನು ಇದ್ದೀಯ ಎನ್ನುವುದೇ ಮೇಲಿನವರಿಗೆ ಮರೆತುಹೋಗಿದೆ. ನೆನಪಿಸಲು ಹೋಗಬೇಡ” ಎಂದರು. ಆಮೇಲೆ ತಮ್ಮ ಕಾಫಿ ಮುಗಿಸಿ, “ನನ್ನ ಹೆಸರಿದೆ. ಈ ತಿಂಗಳ ಕೊನೆಗೆ ನನಗೆ ಖಲಾಸ್” ಎಂದರು.

ಎಷ್ಟೋ ಜನರಿಗೆ ಪತ್ರ ಕೊಡಬೇಕಾಗಿ ಬಂದ ಮನುಷ್ಯ, ಒಂದು ರಜೆಯನ್ನೂ ತೆಗೆದುಕೊಳ್ಳದೆ ಕೂತಿದ್ದರು. ನಿಜವಾಗಿ ಸಂಕಟವಾಯಿತು. ಅವರೇ ಮುಂದುವರಿಸಿದರು: “ನನ್ನ ಹೆಂಡತಿಗೂ ಆ ಕರಡಿ ನೋಡಬೇಕೆಂದು ಬಹಳ ಆಸೆ. ಇನ್ನು ನನಗೆ ಸಮಯವೇ ಸಮಯ. ಯಲ್ಲಾ, ಶುರುಮಾಡು, ಹೇಳು. ಕರಡಿ ಹೇಗಿತ್ತು?”

“ದೊಡ್ಡದು” ಎಂದೆ. ಅವರು ಕಾದರು. “ಬೆಳ್ಳಗೆ” ಎಂದೆ. ಅವರು ಇನ್ನೂ ಕಾದರು. ನನ್ನ ಬಳಿ ಅದಕ್ಕಿಂತ ಹೆಚ್ಚು ಸಾಮಗ್ರಿ ಇರಲಿಲ್ಲ. ಜಯಶ್ರೀಗೆ ಫೋನು ಮಾಡಿ, ಸ್ಪೀಕರು ಹಾಕಿ ಮೇಜಿನ ಮೇಲಿಟ್ಟೆ.

ಅವಳು ಮೊದಲು ತಡವರಿಸಿದಳು. ಆಮೇಲೆ ಅರ್ಧ ಗಂಟೆ ನಿಲ್ಲಲಿಲ್ಲ. ಕರಡಿ ಬಿಳಿಯಲ್ಲ, ಬೆಣ್ಣೆಯ ಬಣ್ಣ; ನಾನು ಹದಿನೆಂಟು ವರ್ಷ ಮಕ್ಕಳಿಗೆ ತಪ್ಪು ಬಣ್ಣ ಹೇಳಿದೆ ಎಂದಳು. ತಾಯಿ ಎರಡು ಕಾಲಿನ ಮೇಲೆ ನಿಂತು ಹಡಗಿನ ವಾಸನೆ ಹಿಡಿದದ್ದು, ಸಣ್ಣ ಮರಿ ಜಾರಿ ನೀರಿಗೆ ಬಿದ್ದಾಗ ಇನ್ನೊಂದು ಅಂಚಿಗೆ ಬಂದು ಬಗ್ಗಿ ನೋಡಿದ್ದು, ತಾಯಿ ತಿರುಗಿ ಬಂದು ನೀರಿಗಿಳಿದು ಅದನ್ನು ಬೆನ್ನ ಮೇಲೆ ಹತ್ತಿಸಿಕೊಂಡದ್ದು. ವಾಲ್ರಸ್‌ಗಳು ಒಂದರ ಮೇಲೊಂದು ಕಾಲು ಹಾಕಿ ಮಲಗಿ ಗೊಣಗಿದ್ದು. ಬಂಡೆಯ ತುದಿಯ ಹಕ್ಕಿಮರಿಗಳು ರೆಕ್ಕೆ ಬಲಿಯುವ ಮೊದಲೇ ಕಡಲಿಗೆ ಹಾರುವುದು, ಅಪ್ಪ ಹಕ್ಕಿ ಕೆಳಗೆ ನೀರಿನಲ್ಲಿ ಕೂತು ಕೂಗಿ ಕೂಗಿ ಕರೆಯುವುದು. ಸಲೀಂ ಮಗುವಿನ ಹಾಗೆ ಬಾಯಿ ತೆರೆದು ಕೇಳುತ್ತಿದ್ದರು. ಕೊನೆಗೆ ಕಣ್ಣೊರೆಸಿಕೊಂಡು, ಹಡಗಿನ ವಿವರ ಬರೆದುಕೊಡು ಎಂದು ನನ್ನ ಕಡೆ ಕಾಗದ ತಳ್ಳಿದರು.

ನಾನು ಎರಡು ಪ್ರತಿ ಬರೆದೆ. ಒಂದು ಅವರಿಗೆ ಕೊಟ್ಟು, ಇನ್ನೊಂದನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಇಂಥ ಜಾಗಕ್ಕೆ ಜೀವನದಲ್ಲಿ ಒಮ್ಮೆಯಾದರೂ ಹೋಗಿ ಬರಬೇಕು ಎಂದು ನನಗೂ ಅನ್ನಿಸಿತು.