ಚಾರ್ಜರಿನ ಹಸಿರು ದೀಪ ಹತ್ತಿದ ಮೇಲೆ

ಮನೆಯಲ್ಲಿ ಭೌತಶಾಸ್ತ್ರ ಓದಿದವರು ಒಬ್ಬರಿದ್ದರೆ ಸಾಕು, ಇಂಥವು ಆಗುತ್ತಲೇ ಇರುತ್ತವೆ. ಫ್ಯಾನು ನಿಂತರೂ ಅವರನ್ನೇ ಕೇಳುತ್ತಾರೆ, ಹಾಲು ಒಡೆದರೂ ಅವರನ್ನೇ ಕೇಳುತ್ತಾರೆ. ಉತ್ತರ ಹೇಳಿದರೆ ಮಾತ್ರ ಯಾರೂ ಒಪ್ಪುವುದಿಲ್ಲ.

ಎಂ.ಎಸ್ಸಿ. ಮುಗಿಸಿ ನಾನು ನೋಯ್ಡಾದ ಒಂದು ಪ್ರಯೋಗಾಲಯಕ್ಕೆ ಸೇರಿದೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳನ್ನು ಪರೀಕ್ಷಿಸುವ ಕೆಲಸ. ಉಳಿದುಕೊಂಡದ್ದು ಮಯೂರ್ ವಿಹಾರದಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ಅಲ್ಲಿ ಚಿಕ್ಕಮ್ಮ, ಕೇಂದ್ರ ಸರ್ಕಾರದ ಕಚೇರಿಯಲ್ಲಿರುವ ಚಿಕ್ಕಪ್ಪ, ಶಾಲೆಗೆ ಹೋಗುವ ಅವರ ಮಗಳು, ಅಂದರೆ ನನ್ನ ತಂಗಿ, ಮತ್ತು ಚಿಕ್ಕಪ್ಪನ ಕ್ಯಾಮೆರಾ. ಕ್ಯಾಮೆರಾಕ್ಕೆ ಎರಡು ಬ್ಯಾಟರಿ. ಟಿ.ವಿ. ಪಕ್ಕದ ಪ್ಲಗ್ಗಿನಲ್ಲಿ ಅವುಗಳ ಚಾರ್ಜರು. ಬ್ಯಾಟರಿ ತುಂಬುತ್ತಿರುವಾಗ ಕೆಂಪು ದೀಪ, ತುಂಬಿದ ಮೇಲೆ ಹಸಿರು.

ಹಸಿರು ಹತ್ತಿದ ಮೇಲೆ ಬ್ಯಾಟರಿ ತೆಗೆಯಬೇಕೇ, ಅಲ್ಲೇ ಬಿಡಬಹುದೇ? ಆ ಮನೆಯಲ್ಲಿ ಇದರ ಮೇಲೆ ಎರಡು ಪಕ್ಷಗಳಿದ್ದವು.

ಕರೆಗಂಟೆ

ಚಿಕ್ಕಮ್ಮನದು ತೆಗೆಯುವ ಪಕ್ಷ. ಬರೀ ಬ್ಯಾಟರಿಯಲ್ಲ, ಯಾವುದೂ ಸುಮ್ಮನೆ ಪ್ಲಗ್ಗಿನಲ್ಲಿ ಇರಬಾರದು. ಅವರು ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆದರೆ ಹಿಂದೆ ಟಕ್ ಟಕ್ ಎಂದು ಸ್ವಿಚ್ಚುಗಳು ಆರುತ್ತಾ ಬರುತ್ತಿದ್ದವು. ನಿದ್ದೆಗಣ್ಣಿನಲ್ಲಿ ಆ ಸದ್ದು ಕೇಳಿದರೆ ಹಲ್ಲಿ ಲೊಚಗುಟ್ಟುತ್ತಾ ಮನೆಯಿಡೀ ಸುತ್ತುತ್ತಿದೆ ಎನಿಸುತ್ತಿತ್ತು.

ಒಂದು ಭಾನುವಾರ ಚಿಕ್ಕಪ್ಪನ ಕಚೇರಿಯ ಮೇಲಧಿಕಾರಿ, ಹೆಂಡತಿಯ ಜೊತೆ ಊಟಕ್ಕೆ ಬರುವವರಿದ್ದರು. ಬಿಸಿಬೇಳೆಬಾತ್ ಆರುತ್ತಾ ಬಂತು. ಅವರು ಬರಲಿಲ್ಲ. ಕೊನೆಗೆ ಚಿಕ್ಕಪ್ಪ ಫೋನು ಮಾಡಿದರು.

"ಸರ್, ಎಲ್ಲಿದ್ದೀರಿ?"

"ನಿಮ್ಮ ಬಾಗಿಲ ಮುಂದೆ. ಬೆಲ್ ಒತ್ತುತ್ತಲೇ ಇದ್ದೇವೆ."

ನಮ್ಮದು ಪ್ಲಗ್ಗಿಗೆ ಸಿಕ್ಕಿಸುವ ಬೆಲ್ಲು. ಸ್ವಿಚ್ಚು ಆಫ್ ಆಗಿತ್ತು. ಅತಿಥಿಗಳು ಹೋದ ಮೇಲೆ ಚಿಕ್ಕಪ್ಪ ಕೇಳಿದರು, "ಅಲ್ವೇ, ಬೆಲ್ಲನ್ನೂ ಆರಿಸ್ತಾರೇನೇ?"

ಚಿಕ್ಕಮ್ಮ ಪಾತ್ರೆ ಒರೆಸುತ್ತಾ ಹೇಳಿದರು, "ಯಾರೂ ಬಂದಿರದಿದ್ದಾಗ ಅದಕ್ಯಾಕ್ರೀ ಕರೆಂಟು?"

ಹಕ್ಕಿ ಹೋದ ಮೇಲೆ

ಚಿಕ್ಕಪ್ಪನದು ಬಿಡುವ ಪಕ್ಷ. ಬ್ಯಾಟರಿ ಯಾವಾಗಲೂ ಚಾರ್ಜರಿನಲ್ಲೇ ಇರಬೇಕು, ತುಂಬಿ ತುಳುಕುತ್ತಿರಬೇಕು. ಯಾವ ಗಳಿಗೆಯಲ್ಲಿ ಹಕ್ಕಿ ಬರುತ್ತದೋ ಯಾರು ಬಲ್ಲರು?

ಹಕ್ಕಿ ಎಂದರೆ ಕಡಲಹಕ್ಕಿ, ಸೀಗಲ್. ಚಳಿಗಾಲಕ್ಕೆ ದೂರದೇಶಗಳಿಂದ ಅವು ಯಮುನೆಗೆ ಬರುತ್ತವೆ. ಬೆಳಗಿನ ಮಂಜಿನಲ್ಲಿ ಘಾಟಿನಿಂದ ದೋಣಿ ಹತ್ತಿ, ಖಾರಾ ಸೇವು ಎರಚಿದರೆ ನೂರಾರು ಹಕ್ಕಿಗಳು ತಲೆಯ ಸುತ್ತ ಬಿಳಿ ಚಾದರ ಬೀಸಿದಂತೆ ಹಾರಾಡುತ್ತವೆ. ನದಿ ಕಾಣುವುದಿಲ್ಲ, ದಡ ಕಾಣುವುದಿಲ್ಲ. ರೆಕ್ಕೆಯ ಸದ್ದು ಮಾತ್ರ. ಮದುವೆಗೆ ಮೊದಲು, ದೆಹಲಿಗೆ ಬಂದ ಹೊಸದರಲ್ಲಿ, ಒಂಟಿ ಭಾನುವಾರವೊಂದರಂದು ಚಿಕ್ಕಪ್ಪ ಇದನ್ನು ನೋಡಿದರಂತೆ. ಈ ಊರಿನಲ್ಲಿ ಇರಬಹುದು ಎಂದು ಅವತ್ತೇ ಅನ್ನಿಸಿತಂತೆ. ಅಂದಿನಿಂದ ಅವರಿಗೆ ಒಂದೇ ಒಂದು ಫೋಟೊ ಬೇಕು: ರೆಕ್ಕೆ ಪೂರ್ತಿ ಬಿಚ್ಚಿದ ಒಂದು ಹಕ್ಕಿ, ನೇರವಾಗಿ ತಮ್ಮ ಕಡೆ ಬರುತ್ತಿರುವುದು, ಹಿಂದೆ ಮಂಜಿನ ಸೂರ್ಯ.

ಅವರ ಕಂಪ್ಯೂಟರಿನಲ್ಲಿ ಅಂಥ ಫೋಟೊಗಳಿಗಾಗಿ ಒಂದು ಫೋಲ್ಡರೇ ಇತ್ತು. ನಾನು ಒಂದೊಂದಾಗಿ ನೋಡಿದೆ. ಬಾಲ. ರೆಕ್ಕೆಯ ತುದಿ. ದೋಣಿಯವನ ಮೊಣಕೈ. ಉಳಿದವುಗಳಲ್ಲಿ ಬರೀ ಬೆಳ್ಳನೆಯ ಆಕಾಶ.

"ಇವುಗಳಲ್ಲಿ ಏನೂ ಇಲ್ಲವಲ್ಲ ಚಿಕ್ಕಪ್ಪ?"

"ಸರಿಯಾಗಿ ನೋಡು ಪುಟ್ಟಾ. ಹಕ್ಕಿ ಈಗಷ್ಟೇ ಹೋಗಿದೆ."

ಆ ವರ್ಷ ನಾಗಪುರಕ್ಕೆ ವರ್ಗಾವಣೆಯ ಆದೇಶ ಬಂತು. ಚಳಿಗಾಲ ಮುಗಿದೊಡನೆ ಹೊರಡಬೇಕು. ಚಿಕ್ಕಪ್ಪ ಆದೇಶವನ್ನು ಎರಡು ಸಲ ಓದಿ ಮಡಿಚಿಟ್ಟು, "ಅಲ್ಲಿ ಹಾಲ್‌ನಲ್ಲಿ ದೊಡ್ಡ ಗೋಡೆ ಇದೆಯಂತೆ, ಒಂದು ಫೋಟೊ ಹಾಕೋಕೆ ಚೆನ್ನಾಗಿರತ್ತೆ" ಎಂದಷ್ಟೇ ಹೇಳಿದರು. ಯಾವ ಫೋಟೊ ಎಂದು ನಮಗೆಲ್ಲ ಗೊತ್ತಿತ್ತು.

ತೀರ್ಪು

ಜಗಳ ನನ್ನ ತಟ್ಟೆಯ ಮುಂದೆ ಬಂದು ನಿಂತಿತು.

"ನೀನು ಸೈನ್ಸ್ ಓದಿದೋಳು. ಹೇಳು. ಚಾರ್ಜರಿನಲ್ಲಿ ಬಿಟ್ರೆ ಬ್ಯಾಟರಿ ಹಾಳಾಗತ್ತೋ ಇಲ್ವೋ?" ಎಂದರು ಚಿಕ್ಕಮ್ಮ.

ನಾನು ಅಳೆದು ತೂಗಿ ಹೇಳಿದೆ. ಇದು ಲಿಥಿಯಂ ಬ್ಯಾಟರಿ. ಒಳ್ಳೆಯ ಚಾರ್ಜರು ಬ್ಯಾಟರಿ ತುಂಬಿದೊಡನೆ ಕರೆಂಟು ತಾನೇ ನಿಲ್ಲಿಸುತ್ತದೆ, ಆದ್ದರಿಂದ ಒಂದು ದಿನ ಮರೆತರೆ ಏನೂ ಆಗುವುದಿಲ್ಲ. ಆದರೆ ಸದಾ ಪೂರ್ತಿ ತುಂಬಿಕೊಂಡೇ ಇದ್ದರೆ, ಅದೂ ಸೆಕೆಯಲ್ಲಿ, ಬೇಗ ಮುಪ್ಪಾಗುತ್ತದೆ. ಬಹಳ ದಿನ ಎತ್ತಿಡುವುದಾದರೆ ಅರ್ಧ ತುಂಬಿಸಿ ತಂಪಿನಲ್ಲಿಡುವುದು ಒಳ್ಳೆಯದು.

ತಂಗಿ ರೊಟ್ಟಿಯಿಂದ ತಲೆಯೆತ್ತಿದಳು. "ಅಕ್ಕಾ, ಹಾಂ ಯಾ ನಾ? ಹೌದೋ ಅಲ್ವೋ?"

"ಎರಡೂ."

"ಅಂದ್ರೆ ತೆಗೀಬೇಕು ಅಂತಾಯ್ತು," ಎಂದರು ಚಿಕ್ಕಮ್ಮ.

"ಅಂದ್ರೆ ಬಿಟ್ರೂ ಏನಾಗಲ್ಲ ಅಂತಾಯ್ತು," ಎಂದರು ಚಿಕ್ಕಪ್ಪ.

ಇಬ್ಬರೂ ಗೆದ್ದಿದ್ದರು. ಆ ಸಂತೋಷಕ್ಕೆ ಇಬ್ಬರೂ ನನ್ನ ಬಟ್ಟಲಿಗೆ ಒಂದೊಂದು ಜಾಮೂನು ಹಾಕಿದರು. ನನ್ನ ವಿದ್ಯೆಗೆ ಇಷ್ಟು ಮರ್ಯಾದೆ ಪ್ರಯೋಗಾಲಯದಲ್ಲೂ ಸಿಕ್ಕಿಲ್ಲ.

ಹೊಟ್ಟೆ

ಎರಡು ಬ್ಯಾಟರಿಗಳಲ್ಲಿ ಹಳೆಯದು ಬೇಸಗೆಯೆಲ್ಲ ಚಾರ್ಜರಿನಲ್ಲೇ ಕಳೆದಿತ್ತು. ದೆಹಲಿಯ ಬೇಸಗೆ, ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ನೇರ ಅದರ ಮೇಲೆ ಬೀಳುತ್ತಿತ್ತು. ಚಳಿ ಶುರುವಾಗಿ ಚಿಕ್ಕಪ್ಪ ತೆಗೆಯಲು ಹೋದರೆ ಬರಲಿಲ್ಲ. ನಾನು ಮೊದಲು ಪ್ಲಗ್ಗು ಕಿತ್ತು, ಮೆಲ್ಲನೆ ಅಲ್ಲಾಡಿಸಿ ಬಿಡಿಸಿದೆ. ಬ್ಯಾಟರಿ ಪುಟ್ಟ ದಿಂಬಿನಂತೆ ಉಬ್ಬಿತ್ತು.

"ವಯಸ್ಸಾಯ್ತು ಪಾಪ," ಎಂದರು ಚಿಕ್ಕಪ್ಪ.

"ವಯಸ್ಸಲ್ಲ ರೀ. ಹೊಟ್ಟೆ ತುಂಬಿದ ಮೇಲೂ ಎಲೆ ಮುಂದಿಂದ ಏಳದಿದ್ರೆ ಹೀಗೇ ಆಗೋದು."

ಉಬ್ಬಿದ್ದನ್ನು ಒತ್ತಬಾರದು, ಚುಚ್ಚಬಾರದು, ಕಸದ ಬುಟ್ಟಿಗೂ ಹಾಕಬಾರದು ಎಂದು ಹೇಳಿ, ಎಲೆಕ್ಟ್ರಾನಿಕ್ ಕಸ ಒಯ್ಯುವವರು ಬರುವ ತನಕ ಬಾಲ್ಕನಿಯ ಮೂಲೆಯಲ್ಲಿ ಮರಳು ತುಂಬಿದ ಹೂಕುಂಡದಲ್ಲಿಟ್ಟೆ. ಅವರು ಬರಲು ಬಹಳ ದಿನ ಹಿಡಿಯಿತು. ಅಷ್ಟು ದಿನವೂ ಚಿಕ್ಕಪ್ಪ ಇನ್ನೊಂದು ಪೂರಿಗೆ ಕೈ ಚಾಚಿದಾಗಲೆಲ್ಲ ಚಿಕ್ಕಮ್ಮ ಸುಮ್ಮನೆ ಬಾಲ್ಕನಿಯ ಕಡೆ ನೋಡುತ್ತಿದ್ದರು.

ಹಿಟ್ಟಿನ ಸಿದ್ಧಾಂತ

ಉಳಿದದ್ದು ಒಂದೇ ಬ್ಯಾಟರಿ. ಆ ಹಳೆಯ ಮಾದರಿಯ ಬ್ಯಾಟರಿ ಈಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಚಿಕ್ಕಪ್ಪ ಅದನ್ನು ಕೂಸಿನಂತೆ ಜೋಪಾನ ಮಾಡತೊಡಗಿದರು. ಮಾರ್ಕೆಟ್ಟಿನಲ್ಲಿ ಕುಂದಾಪುರದ ಕಡೆಯವರೊಬ್ಬರ ಹೋಟೆಲಿದೆ. ಚಿಕ್ಕಪ್ಪ ಅಲ್ಲಿ ಕಾಫಿ ಕುಡಿಯುತ್ತಾ ಸಲಹೆ ಕೇಳಿದರು.

"ಅದರಲ್ಲೇನುಂಟು ಮಾರಾಯ್ರೇ!" ಎಂದರು ಹೋಟೆಲಿನವರು. "ಇಡ್ಲಿಹಿಟ್ಟು ಉಬ್ಬಿದ ಮೇಲೆ ಹೊರಗಿಟ್ರೆ ಏನಾಗ್ತದೆ? ಹುಳಿ. ಫ್ರಿಜ್ಜಲ್ಲಿಡಿ. ಯಾವುದಾದ್ರೂ ಅಷ್ಟೇ."

ನಾನು ಫ್ರಿಜ್ಜು ಬೇಡ, ತೇವ ಕೂರುತ್ತದೆ ಎಂದೆ. "ತಂಪಿನಲ್ಲಿಡು ಅಂದಿದ್ದು ನೀನೇ ಅಲ್ವಾ ಪುಟ್ಟಾ?" ಎಂದರು ಚಿಕ್ಕಪ್ಪ. ಅಡುಗೆಮನೆಯಲ್ಲಿ ಸಿಕ್ಕ ಗಟ್ಟಿ ಮುಚ್ಚಳದ ಪುಟ್ಟ ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಿನ ಮೇಲಿನ ತಟ್ಟೆಯಲ್ಲಿಟ್ಟರು. ಆ ಡಬ್ಬಿ ಎಷ್ಟೋ ವರ್ಷಗಳಿಂದ ಚಟ್ನಿಯ ಡಬ್ಬಿ ಎಂಬುದು ಮನೆಯಲ್ಲಿ ಅವರೊಬ್ಬರಿಗೇ ಗೊತ್ತಿರಲಿಲ್ಲ.

ಮರುದಿನ ತಂಗಿ ಅವಸರದಲ್ಲಿ ತಾನೇ ಟಿಫಿನ್ ತೆಗೆದುಕೊಂಡು ಶಾಲೆಗೆ ಓಡಿದಳು. ಸಂಜೆ ಬಂದವಳು ಡಬ್ಬಿಯನ್ನು ಮೇಜಿನ ಮೇಲಿಟ್ಟು ಅಪ್ಪನ ಎದುರು ಕೂತಳು.

"ಪಪ್ಪಾ, ಇಡ್ಲಿ ಕೇ ಸಾಥ್ ಬ್ಯಾಟರಿ? ಪೂರಾ ಕ್ಲಾಸ್ ದೇಖ್ ರಹಾ ಥಾ, ಎಲ್ಲರೂ ನೋಡ್ತಿದ್ರು!"

"ಅಯ್ಯೋ! ನೀನೇನು ಹೇಳ್ದೆ?"

"ಕ್ಯಾ ಬೋಲ್ತೀ? ಹೇಳಿದೆ, ನಮ್ಮ ಕಡೆ ಇಡ್ಲಿನ ಚಾರ್ಜ್ ಮಾಡ್ಕೊಂಡು ತಿಂತೀವಿ ಅಂತ."

ಕೊನೆಯ ಭಾನುವಾರ

ಬಿಸಿಲು ಬಲಿಯುತ್ತಾ ಬಂತು. ಹಕ್ಕಿಗಳು ಹೊರಟುಹೋಗುವ ಕಾಲ, ಚಿಕ್ಕಪ್ಪನವರೂ. ಹಾಲ್ ತುಂಬ ಕಟ್ಟಿದ ಪೆಟ್ಟಿಗೆಗಳು. ಅವುಗಳ ನಡುವೆ ಟಿ.ವಿ. ಪಕ್ಕದ ಚಾರ್ಜರು ಮಾತ್ರ ಇದ್ದಲ್ಲೇ ಇತ್ತು.

ಉಳಿದದ್ದು ಒಂದೇ ಭಾನುವಾರ. ಅದೃಷ್ಟಕ್ಕೆ ಅವತ್ತು ಮತ್ತೆ ಮಂಜು ಬಿತ್ತು. ತಂಗಿಗೆ ಪರೀಕ್ಷೆ, ಅವಳು ಬರಲಿಲ್ಲ. ಗೆಳತಿಯ ಮನೆಯಲ್ಲಿ ಓದುತ್ತಿದ್ದಳು. ಚಿಕ್ಕಪ್ಪ, ಚಿಕ್ಕಮ್ಮ, ನಾನು ಹೊರಟೆವು. ಲಿಫ್ಟಿನಲ್ಲಿ ಚಿಕ್ಕಮ್ಮ ಎಂದಿನಂತೆ ಶುರುಮಾಡಿದರು.

"ಗೀಸರ್?"

"ಆಫ್."

"ಗ್ಯಾಸು?"

"ಆಫ್."

"ಬೆಲ್ಲು?"

"ಅದನ್ನ ನೀನೇ ಆರಿಸಿದೆ."

ಚಾರ್ಜರಿನ ಸುದ್ದಿ ಇಬ್ಬರೂ ಎತ್ತಲಿಲ್ಲ. ಕೊನೆಯ ದಿನ, ಕದನವಿರಾಮ ಎಂದುಕೊಂಡೆ.

ದೋಣಿ ದಡ ಬಿಟ್ಟದ್ದು ಗೊತ್ತಾಗಲಿಲ್ಲ. ಘಾಟಿನ ಮೆಟ್ಟಿಲುಗಳು ಮೆಲ್ಲನೆ ಅಳಿಸಿಹೋದವು, ಅಷ್ಟೇ. ಸೂರ್ಯ ಹಾಲಿನಲ್ಲಿ ಬಿದ್ದ ಕೇಸರಿಯಂತೆ ಕರಗುತ್ತಾ ಮೇಲೆ ಬಂದ. ದೋಣಿಯ ಭಯ್ಯಾ "ಆವೋ, ಆವೋ!" ಎಂದು ಕೂಗಿದ. ಚಿಕ್ಕಮ್ಮ ಎದ್ದು ನಿಂತು ಹಿಡಿ ತುಂಬ ಸೇವು ಎರಚಿದರು. ಮಂಜೇ ತುಂಡು ತುಂಡಾಗಿ ರೆಕ್ಕೆ ಹಚ್ಚಿಕೊಂಡಂತೆ ಹಕ್ಕಿಗಳು ಬಂದವು.

ಅವುಗಳಲ್ಲಿ ಒಂದು ಗುಂಪಿನಿಂದ ಬೇರೆಯಾಗಿ, ರೆಕ್ಕೆ ಪೂರ್ತಿ ಬಿಚ್ಚಿ, ಸೂರ್ಯನ ಕಡೆಯಿಂದ ನೇರ ನಮ್ಮತ್ತ ಬಂತು. ಗಾಳಿಗೆ ಎದುರಾಗಿ ಅಲ್ಲೇ ತೂಗುತ್ತಾ ನಿಂತಿತು. ಇಷ್ಟು ವರ್ಷ ಕಾದದ್ದು ಇದೇ. ಚಿಕ್ಕಪ್ಪ ಕ್ಯಾಮೆರಾ ಎತ್ತಿದರು. ಗುಂಡಿ ಒತ್ತಿದರು.

ಸದ್ದಿಲ್ಲ.

ಮತ್ತೆ ಒತ್ತಿದರು. ಗುಂಡಿ ಆಫ್ ಮಾಡಿ ಆನ್ ಮಾಡಿದರು. ಕೊನೆಗೆ ಕ್ಯಾಮೆರಾ ತಿರುಗಿಸಿ ಕೆಳಗಿನ ಮುಚ್ಚಳ ತೆಗೆದರು. ಒಳಗೆ ಪುಟ್ಟದೊಂದು ಚೌಕ ಕತ್ತಲೆ.

"ಹಾಕಿದ್ದೆನಲ್ಲ!" ಎಂದರು ಚಿಕ್ಕಪ್ಪ. "ನಿನ್ನೆ ಸಂಜೆ ಹಸಿರು ಬಂದ ತಕ್ಷಣ ನಾನೇ ತೆಗೆದು ಕ್ಯಾಮೆರಾಕ್ಕೆ ಹಾಕಿದೆ. ನೀನು ಹೇಳೋದೇ ಸರಿ ಅನ್ನಿಸ್ತು ಕಣೇ. ಇರೋದೊಂದು ಬ್ಯಾಟರಿ, ಅದೂ ಉಬ್ಬಿದ್ರೆ?"

ಚಿಕ್ಕಮ್ಮನ ಕೈ ಸೇವಿನ ಪೊಟ್ಟಣದಲ್ಲೇ ನಿಂತಿತು.

"ಬೆಳಿಗ್ಗೆ ಫ್ಲಾಸ್ಕಿಗೆ ಚಾ ತುಂಬಿಸೋವಾಗ ನೋಡ್ದೆ, ಚಾರ್ಜರು ಖಾಲಿ ಇತ್ತು," ಎಂದರು ಮೆಲ್ಲಗೆ. "ನಾನು ಬೈತೀನಿ ಅಂತ ಅರ್ಧಕ್ಕೇ ತೆಗೆದುಬಿಟ್ರೇನೋ ಅಂದ್ಕೊಂಡೆ. ಕ್ಯಾಮೆರಾದಿಂದ ತೆಗೆದು ಮತ್ತೆ ಚಾರ್ಜರಿಗೆ ಹಾಕಿದೆ. ಕೆಂಪು ಬಂತು. ನೀವು ಹೇಳೋ ಹಾಗೆ ಹೊರಡೋ ತನಕ ಅಲ್ಲೇ ಇರ್ಲಿ, ತುಂಬಿರ್ಲಿ ಅಂತ…"

ತುಂಬಿದ ಬ್ಯಾಟರಿ ಹಾಕಿದರೂ ಚಾರ್ಜರು ಮೊದಲು ಸ್ವಲ್ಪ ಹೊತ್ತು ಕೆಂಪು ತೋರಿಸುತ್ತದೆ. ಇದನ್ನು ಆಗ ಹೇಳಬೇಕೆನಿಸಲಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು.

"ಇಬ್ಬರದೂ ಸರಿ," ಎಂದೆ.

ಮೊದಲು ನಕ್ಕವರು ಚಿಕ್ಕಪ್ಪ. ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣೀರು ಬರುವಷ್ಟು ನಕ್ಕರು. ದೋಣಿಯವನಿಗೆ ಏನೂ ಅರ್ಥವಾಗದೆ ಅವನೂ ನಕ್ಕ. ಆ ಹಕ್ಕಿ ಇನ್ನೂ ಅಲ್ಲೇ ತೂಗುತ್ತಿತ್ತು. ಫೋಟೊ ತೆಗೆಯುವ ತನಕ ಹೋಗುವುದಿಲ್ಲ ಎಂಬಂತೆ. ಚಿಕ್ಕಪ್ಪ ಇಷ್ಟು ವರ್ಷಗಳಲ್ಲಿ ಮೊದಲ ಸಲ ಅದನ್ನು ಬರಿಗಣ್ಣಿನಿಂದ, ನಿಧಾನವಾಗಿ ನೋಡಿದರು. ಚಿಕ್ಕಮ್ಮ ತಮ್ಮ ಕೈಯ ಸೇವನ್ನು ಅವರ ಕೈಗೆ ಸುರಿದರು. ಅವರು ಎರಚಿದರು. ಹಕ್ಕಿ ಕೊಕ್ಕು ತೆರೆದು ಗಾಳಿಯಲ್ಲೇ ಹಿಡಿಯಿತು.

ನಾನು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದೆ. ಚಿಕ್ಕಪ್ಪನಿಗೆ ಮೊಬೈಲಿನ ಫೋಟೊ ಫೋಟೊವೇ ಅಲ್ಲ. ಕೈಗೆ ತೆಗೆದುಕೊಂಡು ದೊಡ್ಡದು ಮಾಡಿ ನೋಡಿದರು. ಮುಖ ಮೇಲೆತ್ತಿ ನಗುತ್ತಿರುವ ಅವರಿಬ್ಬರು, ಅವರ ಮೇಲೆ ಬಿಳಿಯ ಒಂದು ಮಸುಕು.

"ಹಕ್ಕಿ ಶಾರ್ಪ್ ಇಲ್ಲ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನನಗೆ ಕಳಿಸು," ಎಂದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಗೋಡೆಗೆ ಆಗುವಷ್ಟು ದೊಡ್ಡದು ಮಾಡಬಹುದಾ?" ಎಂದು ಕೇಳಿದರು.

"ಮಾಡಬಹುದು."

ಮನೆಗೆ ಬಂದಾಗ ಪರದೆಗಳು ಮುಚ್ಚಿದ್ದವು. ಪೆಟ್ಟಿಗೆಗಳ ನಡುವಿನ ನಸುಗತ್ತಲೆಯಲ್ಲಿ ಚಾರ್ಜರಿನ ಹಸಿರು ದೀಪ ಮಿಣುಕು ಹುಳದಂತೆ ನಮಗಾಗಿ ಕಾದಿತ್ತು. ಚಿಕ್ಕಮ್ಮ ಚಪ್ಪಲಿ ಬಿಡುವ ಮೊದಲೇ ಅಲ್ಲಿಗೆ ಹೋದರು. ಬ್ಯಾಟರಿ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ಪರೀಕ್ಷಿಸಿ, ಗಂಡನ ಅಂಗೈಯಲ್ಲಿಟ್ಟರು.

"ನೀವು ಹೇಳ್ತಿದ್ದದ್ದು ನಿಜ ಕಣ್ರೀ. ಚಾರ್ಜರಿನಲ್ಲೇ ಬಿಟ್ಟು ಹೋಗಿದ್ವಿ, ಏನೂ ಹಾಳಾಗಿಲ್ಲ."