ಅತ್ತೆಯ ಬಿಳಿ ಆಂಥೂರಿಯಂ

ಬೇರೆಯವರ ಮನೆಯಲ್ಲಿ ಗಿಡ ಅಂದರೆ ಬರೀ ಗಿಡ. ನೀರು ಹಾಕಿದರೆ ಬೆಳೆಯುತ್ತದೆ, ಹಾಕದಿದ್ದರೆ ಒಣಗುತ್ತದೆ, ಕಥೆ ಮುಗಿಯಿತು. ನಮ್ಮ ಮನೆಯಲ್ಲಿ ಮಾತ್ರ ಒಂದು ಪಾಟನ್ನು ಅಲ್ಲಿಂದ ಇಲ್ಲಿಗೆ ಸರಿಸಿದರೂ ಏನಾದರೊಂದು ಎಡವಟ್ಟು ಆಗಲೇಬೇಕು.

ನಾನು ಕಾಪು ಕಡೆಯ ಒಂದು ಶಾಲೆಯಲ್ಲಿ ಟೀಚರ್. ಮನೆ ಬನ್ನಂಜೆಯಲ್ಲಿ, ಮಹಡಿ ಮೇಲೆ. ತಾರಸಿ ತುಂಬ ಪಾಟುಗಳು. ನೆಡುವವಳು ನಾನು, ಎತ್ತುವವರು ನನ್ನ ಗಂಡ. ಅವರ ಸೊಂಟ ನೋವಿಗೆ ನಾನೇ ಕಾರಣ ಅಂತ ಅವರು ಸಿಕ್ಕಿದವರ ಹತ್ತಿರವೆಲ್ಲ ಹೇಳುತ್ತಾರೆ, ಅದು ಸತ್ಯವೂ ಹೌದು.

ನಮ್ಮ ಊರಿನ ಒಂದು ನಂಬಿಕೆ ಮೊದಲೇ ಹೇಳಿಬಿಡಬೇಕು. ಕೇಳಿ ತಂದ ಗಿಡ ಬರುವುದಿಲ್ಲ, ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ. ಹಾಗಂತ ಕದ್ದವರನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಕಾಪುವಿನಲ್ಲಿ ನನ್ನ ಅಮ್ಮನ ಬಾವಿಕಟ್ಟೆಯ ಪಕ್ಕದಿಂದ ಒಂದು ಹೂಗಿಡದ ಮರಿ ಮಾಯವಾಯಿತು ಅಂತ ಅಮ್ಮ ಪಕ್ಕದ ಮನೆಯವರ ಜೊತೆ ಮಾತು ಬಿಟ್ಟು ಹದಿನಾಲ್ಕು ವರ್ಷ ಆಯಿತು. ಅಷ್ಟಮಿಗೆ ಮಾಡಿದ ಉಂಡೆ ಚಕ್ಕುಲಿಯೂ ಆ ಮನೆಗೆ ಹೋಗುವುದಿಲ್ಲ.

ಮುಂದಿನ ಸೀಟು

ಏಪ್ರಿಲಿನಲ್ಲಿ ಕಾರ್ಕಳದ ಅತ್ತೆಯ ಮನೆಯಂಗಳಕ್ಕೆ ಇಂಟರ್‌ಲಾಕ್ ಹಾಕುವುದೆಂದು ಆಯಿತು. ಅಂಗಳ ಅಗೆದು ಮುಗಿಯುವವರೆಗೆ ಅವರ ಬಿಳಿ ಆಂಥೂರಿಯಂ ಎಲ್ಲಿಡುವುದು? ಅವರ ಹತ್ತಿರ ಇದ್ದದ್ದು ಆ ಒಂದೇ ಪಾಟು. ಅದನ್ನು ನಮ್ಮಲ್ಲಿ ಬಿಡುತ್ತೇನೆ, ದೀಪಾವಳಿಗೆ ಬಂದು ತೆಗೆದುಕೊಂಡು ಹೋಗುತ್ತೇನೆ ಅಂದರು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅತ್ತೆ ನನ್ನನ್ನು ನಂಬಿ ಕೊಟ್ಟ ಮೊದಲ ವಸ್ತು ಅದು. ಅಲ್ಲಿಯವರೆಗೆ ನಾನು ಹಾಕಿದ ಉಪ್ಪನ್ನೂ ಅವರು ನಂಬಿದ್ದಿಲ್ಲ.

ನನ್ನ ಗಂಡ ಕಾರಿನಲ್ಲಿ ತರಲು ಹೋದರು. ಬಂದು ನಿಂತಾಗ ನೋಡುತ್ತೇನೆ, ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಆಂಥೂರಿಯಂ ಕೂತಿದೆ, ಹಿಂದಿನ ಸೀಟಿನಲ್ಲಿ ಅತ್ತೆ. ಇಳಿದವರೇ ಅರ್ಧ ಗಂಟೆ ಪಾಠ ಮಾಡಿದರು. ಬಿಸಿಲು ಬೀಳಬಾರದು, ಮಣ್ಣು ಹಾಕಬಾರದು, ತೆಂಗಿನ ಸಿಪ್ಪೆ ಮತ್ತು ಇದ್ದಿಲು ಮಾತ್ರ, ನೀರು ನಿಲ್ಲಲೇಬಾರದು. ನಾನು ಪುಸ್ತಕದಲ್ಲಿ ಬರೆದುಕೊಂಡೆ. ಅತ್ತೆ ಬಸ್ಸು ಹತ್ತಿದ ಮೇಲೆ ನನ್ನ ಗಂಡ ಹೇಳಿದರು:

"ನನ್ನನ್ನು ನಿನಗೆ ಕೊಡುವಾಗ ಅಮ್ಮ ಇಷ್ಟೆಲ್ಲ ಹೇಳಿರಲಿಲ್ಲ."

ಒಳಗೆ ಹೋಗಿ ಟೀಚರೇ

ನಮಗೆ ಮೀನು ತರುವವರು ಉಚ್ಚಿಲದ ಒಬ್ಬ ಹೆಂಗಸು. ಬುಟ್ಟಿ ಇಳಿಸಿ, ಬಂಗುಡೆ ಕೊಟ್ಟು, ತಾರಸಿಗೆ ಬಂದು ಗಿಡಗಳನ್ನೆಲ್ಲ ವಿಚಾರಿಸಿಯೇ ಹೋಗುವುದು. ನನಗಿಂತ ಗಿಡದ ವಿಷಯ ಚೆನ್ನಾಗಿ ಗೊತ್ತು ಅವರಿಗೆ.

ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಮೇಲೆ ನಾನು ಪಾಟುಗಳನ್ನೆಲ್ಲ ಮಗುಚಿ ಗಿಡ ಬಿಡಿಸುತ್ತಾ ಕೂತಿದ್ದೆ. ಅತ್ತೆಯ ಆಂಥೂರಿಯಂ ಬುಡದಲ್ಲೂ ಒಂದು ಮರಿ ಬಂದಿತ್ತು, ಬೇರೆ ಮಾಡಿ ಪಕ್ಕದಲ್ಲಿಟ್ಟಿದ್ದೆ. ಮೀನಿನವರು ಬಂದರು. ನೋಡಿದರು. ಯಾವುದು ಬೇಕು ಹೇಳಿ, ಕೊಡ್ತೇನೆ ಅಂದೆ. ಅವರು ತಲೆ ಅಲ್ಲಾಡಿಸಿದರು. ಕೊಟ್ಟರೆ ಬರುವುದಿಲ್ಲವಂತೆ.

"ನೀವು ಸ್ವಲ್ಪ ಒಳಗೆ ಹೋಗಿ ಟೀಚರೇ. ನಾನು ಕದ್ದುಕೊಳ್ತೇನೆ."

ಸರಿ ಅಂತ ಒಳಗೆ ಹೋಗಿ ಗೋಡೆ ನೋಡುತ್ತಾ ನಿಂತೆ. ನನ್ನ ಮನೆಯಲ್ಲಿ ಕಳ್ಳತನ ಆಗಲಿ ಅಂತ ನಾನೇ ಕಾಯುವ ಹಾಗಾಯಿತು. ಕದ್ದಾಯಿತು, ಇನ್ನು ಬನ್ನಿ ಅಂತ ಕೂಗಿದ ಮೇಲೆ ಹೊರಗೆ ಬಂದೆ. ಕ್ರೋಟನ್ ಹೋಗಿರಬಹುದು ಅಂದುಕೊಂಡರೆ, ಹೋದದ್ದು ಅತ್ತೆಯ ಆಂಥೂರಿಯಂ ಮರಿ. ಎಲೆಯ ತುದಿ ಬುಟ್ಟಿಯಿಂದ ಹೊರಗೆ ಇಣುಕುತ್ತಿತ್ತು. ವಾಪಸು ಕೇಳುವುದು ಹೇಗೆ? ಕದಿಯಲಿಕ್ಕೆ ಬಿಟ್ಟವಳೇ ನಾನು. ತಾಯಿ ಗಿಡ ಉಂಟಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಅವರು ಬುಟ್ಟಿ ತಲೆಗೇರಿಸಿಕೊಂಡು ಮೆಟ್ಟಿಲು ಇಳಿಯುತ್ತಾ ಇನ್ನೂ ಒಂದು ಮಾತು ಹೇಳಿದರು. ಕಾಯಲಿಕ್ಕೆ ಒಂದು ನಾಯಿಯನ್ನಾದರೂ ಇಟ್ಟುಕೊಳ್ಳಬೇಕಂತೆ, ಈಗ ಕಾಲ ಸರಿ ಇಲ್ಲವಂತೆ.

ಮಾತನಾಡಿಸಬೇಕು

ಇನ್ನು ನನ್ನ ದಡ್ಡತನ. ಅತ್ತೆ ಹೇಳಿದ್ದು ಪುಸ್ತಕದಲ್ಲಿ ಉಂಟು, ಆದರೆ ನನಗೆ ಪ್ರೀತಿ ಹೆಚ್ಚಾಯಿತು ನೋಡಿ. ಶಾಲೆಯಲ್ಲಿ ಉಡುಗೊರೆಯಾಗಿ ಸಿಕ್ಕಿದ ಒಂದು ನೀಲಿ ಪಿಂಗಾಣಿ ಪಾಟಿತ್ತು, ಬಹಳ ಚಂದ. ಆಂಥೂರಿಯಂ ಅನ್ನು ಅದಕ್ಕೆ ಬದಲಾಯಿಸಿದೆ. ಸೆಗಣಿ ಗೊಬ್ಬರ, ನೆಲಗಡಲೆ ಹಿಂಡಿ, ಮೇಲೆ ಒಳ್ಳೆಯ ಕೆಂಪು ಮಣ್ಣು. ಪಾಟಿನ ಅಡಿಯಲ್ಲಿ ತೂತು ಉಂಟಾ ಅಂತ ನೋಡಲೇ ಇಲ್ಲ. ಆಟಿ ತಿಂಗಳ ಜಡಿಮಳೆ ಹೊಡೆಯಿತು. ಎಲೆ ಒಂದೊಂದಾಗಿ ಹಳದಿಯಾಯಿತು.

ಮಣಿಪಾಲದ ಏಳನೇ ಮಹಡಿಯಲ್ಲಿ ನನ್ನ ಒಬ್ಬ ಗೆಳತಿ ಇದ್ದಾಳೆ. ಅವಳ ಗಿಡಗಳಿಗೆ ಎಸಿ ಉಂಟು, ಸಂಗೀತ ಉಂಟು. ಫೋನ್ ಮಾಡಿದೆ. ನೀನು ಅದನ್ನು ಮಾತನಾಡಿಸುತ್ತಿಲ್ಲ, ದಿನಾ ಮಾತನಾಡಿಸಬೇಕು ಅಂದಳು. ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. ಮರುದಿನ ಬೆಳಗ್ಗೆ ಪಾಟನ್ನು ಬಚ್ಚಲುಮನೆಯ ಪಕ್ಕದ ವರಾಂಡಕ್ಕೆ ತಂದು ಶುರು ಮಾಡಿದೆ.

"ನಿನಗೆ ಎಂತ ಕಡಿಮೆ ಮಾಡಿದ್ದೇನೆ ನಾನು? ಹೊತ್ತು ಹೊತ್ತಿಗೆ ಹಾಕುವುದಿಲ್ವಾ? ಎಷ್ಟು ಮಾಡಿದರೂ ಹೀಗೆ ಮುಖ ಇಳಿಸಿಕೊಂಡು ನಿಂತರೆ ಹೇಗೆ? ನಿನ್ನ ಅಮ್ಮ ಬಂದರೆ ನಾನು ಎಂತ ಹೇಳಲಿ?"

ಅಮ್ಮ ಅಂದದ್ದು ಅತ್ತೆಯನ್ನೇ. ಬಚ್ಚಲುಮನೆಯೊಳಗೆ ನೀರಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿನಲ್ಲಿ ನನ್ನ ಗಂಡ ತಲೆ ಒರೆಸಿಕೊಳ್ಳುತ್ತಾ ಬಂದವರು ಸೀದಾ ಅಡುಗೆಮನೆಗೆ ಹೋಗಿ ತಾವೇ ದೋಸೆ ಹೊಯ್ದುಕೊಂಡರು, ತಟ್ಟೆ ತೊಳೆದಿಟ್ಟರು, ನನಗೂ ಎರಡು ಹೊಯ್ದಿಟ್ಟರು.

ವಾರ ಪೂರ್ತಿ ಮಾತನಾಡಿಸಿದೆ. ಗಿಡ ಸತ್ತಿತು. ಗಂಡ ಮಾತ್ರ ತುಂಬ ಚೆನ್ನಾಗಿ ಚಿಗುರಿದರು.

ಯಾರನ್ನು ಕರೆಸಬೇಕು?

ದೀಪಾವಳಿಗೆ ಹದಿನೈದು ದಿನ ಇತ್ತು. ನನಗೆ ಊಟ ಸೇರುತ್ತಿರಲಿಲ್ಲ. ನರ್ಸರಿಗಳಲ್ಲಿ ಕೆಂಪು ಉಂಟು, ಗುಲಾಬಿ ಉಂಟು, ಬಿಳಿ ಇದ್ದರೂ ಅದು ಹೊಸ ತಳಿ, ಗಿಡ್ಡ. ಅತ್ತೆಯದ್ದು ಅಗಲ ಎಲೆಯ ಹಳೇ ಜಾತಿ. ಆಗ ನೆನಪಾಯಿತು ಉಚ್ಚಿಲ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೋದೆ. ಮೀನಿನವರ ಅಂಗಳದಲ್ಲಿ ನಮ್ಮ ಮರಿ ಒಂದು ಥರ್ಮೊಕೋಲ್ ಮೀನಿನ ಡಬ್ಬಿಯಲ್ಲಿ ರಾಣಿಯ ಹಾಗೆ ಕೂತಿತ್ತು. ನಾಲ್ಕು ಹೂ! ಸುತ್ತ ಮರಿಗಳು ಬೇರೆ. ಎಲ್ಲ ಹೇಳಿದೆ, ಕಣ್ಣಲ್ಲಿ ನೀರೂ ಬಂತು. ಅವರು ಸಾವಧಾನವಾಗಿ ಕೇಳಿದರು. ಒಂದು ಬುಡ ಕೊಡಿ ಅಂದೆ.

"ಕೊಟ್ಟರೆ ಬರುವುದಿಲ್ಲ ಟೀಚರೇ, ನಿಮಗೆ ಗೊತ್ತುಂಟಲ್ಲ. ನಾನು ಒಳಗೆ ಹೋಗ್ತೇನೆ."

ಹೋಗಿಯೂ ಬಿಟ್ಟರು, ಬಾಗಿಲು ಹಾಕಿಕೊಂಡರು. ನಾನು ಸೀರೆ ಸೊಂಟಕ್ಕೆ ಸಿಕ್ಕಿಸಿ, ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿ, ಹೂವಿದ್ದ ಒಂದು ದೊಡ್ಡ ಬುಡವನ್ನು ಬೇರು ಸಮೇತ ಎಳೆಯುತ್ತಿದ್ದೆ. ಬೇಲಿಯಾಚೆ ಯಾರೋ ಕೆಮ್ಮಿದರು. ತಲೆ ಎತ್ತಿದರೆ ಪಕ್ಕದ ಮನೆಯ ಗಂಡಸು. ಗುರುತು ಹತ್ತಿತು, ನನ್ನ ಕ್ಲಾಸಿನ ಹುಡುಗಿಯ ಅಪ್ಪ. ಅವಳು ಪಕ್ಕದವಳ ಪೆನ್ನು ತೆಗೆದಳು ಅಂತ ಹಿಂದಿನ ತಿಂಗಳಷ್ಟೇ ಅವರನ್ನು ಶಾಲೆಗೆ ಕರೆಸಿ, ಮಕ್ಕಳು ಮನೆಯಲ್ಲಿ ನೋಡಿದ್ದನ್ನೇ ಕಲಿಯುವುದು ಅಂತ ಬುದ್ಧಿ ಹೇಳಿದ್ದೆ.

ಇದು ಕಳ್ಳತನ ಅಲ್ಲ, ಅವರೇ ಹೇಳಿದ್ದು, ಅವರು ಒಳಗೆ ಇದ್ದಾರೆ ಅಂತ ತೊದಲಿದೆ. ಅವರು ಮುಚ್ಚಿದ ಬಾಗಿಲು ನೋಡಿದರು, ನನ್ನ ಕೈಯಲ್ಲಿದ್ದ ಗಿಡ ನೋಡಿದರು. ಬಹಳ ಮರ್ಯಾದೆಯಿಂದ ಕೇಳಿದರು:

"ಈಗ ನಾನು ಯಾರನ್ನು ಕರೆಸಬೇಕು ಟೀಚರ್?"

ಅತ್ತೆ ಬಂದರು

ಗಿಡವನ್ನು ಅತ್ತೆಯ ಹಳೇ ಪಾಟಿನಲ್ಲೇ ನೆಟ್ಟೆ. ಈ ಸಲ ಸಿಪ್ಪೆ, ಇದ್ದಿಲು, ಎಲ್ಲ ಪುಸ್ತಕದಲ್ಲಿದ್ದ ಹಾಗೆ. ದೀಪಾವಳಿಯ ಮರುದಿನ ಅತ್ತೆ ಬಂದರು. ಚಪ್ಪಲಿ ಬಿಡುವ ಮೊದಲೇ ತಾರಸಿಗೆ. ಹೂ ನೋಡಿದರು, ಎಲೆ ಮಗುಚಿ ನೋಡಿದರು, ಬಗ್ಗಿ ಮೂಸಿ ನೋಡಿದರು.

"ಇದು ನನ್ನ ಗಿಡ ಅಲ್ಲ. ಮೀನಿನ ವಾಸನೆ ಉಂಟು."

ಮುಗಿಯಿತು ಅಂದುಕೊಂಡೆ. ನೀಲಿ ಪಾಟಿನಿಂದ ಹಿಡಿದು ಉಚ್ಚಿಲದವರೆಗೆ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ನಿಮ್ಮದು ಸತ್ತಿತು ಅತ್ತೆ, ಇದು ಅದರದ್ದೇ ಮಗು, ನಮ್ಮಿಂದ ಕದ್ದವರ ಮನೆಯಿಂದ ನಾನು ಕದ್ದು ತಂದದ್ದು ಅಂದೆ. ಅತ್ತೆ ಪಾಟಿನ ಪಕ್ಕದಲ್ಲೇ ನೆಲಕ್ಕೆ ಕೂತು ನಗಲು ಶುರು ಮಾಡಿದರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ.

"ಅಯ್ಯೋ ಮಾರಾಯ್ತಿ, ನಾನೂ ಕದ್ದೇ ತಂದದ್ದು. ಕಾಪುವಿನಿಂದ. ನಿನ್ನನ್ನು ನೋಡಲು ಬಂದ ದಿನ ನಿನ್ನ ಅಮ್ಮನ ಬಾವಿಕಟ್ಟೆಯಿಂದ. ಮಳೆ ಇತ್ತಲ್ಲ, ಕೊಡೆಯೊಳಗೆ ಇಟ್ಟುಕೊಂಡೆ."

ಹದಿನಾಲ್ಕು ವರ್ಷದ ಚಕ್ಕುಲಿಯೆಲ್ಲ ಕಣ್ಣ ಮುಂದೆ ಬಂತು. ಪಾಪ, ಪಕ್ಕದ ಮನೆಯವರು! ಕೇಳಿದ್ದರೆ ಅಮ್ಮ ಒಂದು ಪಾಟನ್ನೇ ಕೊಡುತ್ತಿದ್ದಳಲ್ಲ ಅತ್ತೆ ಅಂದೆ.

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಎದ್ದರು. ಪಾಟನ್ನು ಎತ್ತಲು ಬಂದ ಮಗನನ್ನು ತಡೆದರು. ಇದು ಇಲ್ಲೇ ಇರಲಿ, ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ, ನನಗೆ ಒಂದು ಮರಿ ಸಾಕು, ನಾನು ಹೋಗುವಾಗ ನೀವಿಬ್ಬರೂ ಸ್ವಲ್ಪ ಒಳಗೆ ಹೋಗಿ ಅಂದರು. ನಾನು ಹಿಗ್ಗಿ ಹೋದೆ. ಅಷ್ಟಕ್ಕೇ ಬಿಟ್ಟಿದ್ದರೆ ಅವರು ಅತ್ತೆ ಹೇಗಾದಾರು?

"ಕೇಳಿದರೆ ಸರಿ ಬರುವುದಿಲ್ಲ ಮಗಳೇ," ಅಂದರು. "ಆ ದಿನ ನಿಮ್ಮ ಮನೆಯಿಂದ ಎರಡು ತಂದೆ. ಗಿಡವನ್ನು ಕದ್ದು ತಂದೆ. ನಿನ್ನನ್ನು ಕೇಳಿ ತಂದೆ."