ಶಾಸ್ತ್ರಿಗಳನ್ನು ನಾನೇ ಕಾರಿನಲ್ಲಿ ಕರೆದೊಯ್ದದ್ದು

ನನಗೆ ಕಾರು ಓಡಿಸಲು ಬರುತ್ತದೆ. ಇದರಲ್ಲಿ ಯಾರಿಗೂ ಅನುಮಾನ ಬೇಡ. ಲೈಸೆನ್ಸ್ ಇದೆ. ಅದರಲ್ಲಿರುವ ಫೋಟೋ ಕೂಡ ನನ್ನದೇ!

ನಾನು ಹುಟ್ಟಿ ಬೆಳೆದದ್ದು ಹುಣಸಮಾರನಹಳ್ಳಿಯಲ್ಲಿ. ಯಲಹಂಕದ ಶಾಲೆಗೆ ಬಸ್ಸಿನಲ್ಲಿ ಹೋಗುವಾಗ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂರುವುದು ನನ್ನ ಹಕ್ಕಾಗಿತ್ತು. ಅಷ್ಟಗಲದ ಸ್ಟೀರಿಂಗನ್ನು ಆತ ಒಂದೇ ಕೈಯಲ್ಲಿ ತಿರುಗಿಸುತ್ತಿದ್ದ. ಇನ್ನೊಂದು ಕೈಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ. ನಾನೂ ಬಸ್ ಡ್ರೈವರ್ ಆಗುತ್ತೇನೆಂದು ಮನೆಯಲ್ಲಿ ಘೋಷಿಸಿದೆ. ಅಪ್ಪ, "ಮೊದ್ಲು ಅನ್ನೆರಡರ ಮಗ್ಗಿ ಏಳು" ಎಂದರು. ಹೇಳಿದೆ. ಹೇಳುತ್ತಾ ಹೇಳುತ್ತಾ ಹೈಸ್ಕೂಲು ಟೀಚರ್ ಆಗಿಬಿಟ್ಟೆ.

ಆಮೇಲೆ ವರ್ಷಾ ವರ್ಷ ಮಕ್ಕಳಿಗೆ ಕನಸನ್ನು ಕೈಬಿಡಬೇಡಿ ಎಂದು ಭಾಷಣ ಬಿಗಿಯುತ್ತಾ ಬಂದೆ. ಕಳೆದ ವರ್ಷ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ನಿಮ್ಮ ಕನಸು ಏನಿತ್ತು?" ಎಂದು ಕೇಳಿದಳು.

"ಬಸ್ ಡ್ರೈವರ್ ಆಗೋದು."

"ಮತ್ಯಾಕೆ ಮಿಸ್ ಬಿಟ್ಬಿಟ್ರಿ?"

ಪುಣ್ಯಕ್ಕೆ ಗಂಟೆ ಹೊಡೆಯಿತು. ಅಂದು ಸಂಜೆಯೇ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಐವತ್ತೊಂದನೇ ವಯಸ್ಸಿಗೆ ಯಾರೂ ಬಸ್ಸು ಕೊಡುವುದಿಲ್ಲವಾದ್ದರಿಂದ ಕನಸನ್ನು ಸ್ವಲ್ಪ ಕುಗ್ಗಿಸಿ ಒಂದು ಹಳೆಯ ಪುಟ್ಟ ಕಾರು ಕೊಂಡೆ. ನಮ್ಮ ಕೆಂಪಾಪುರದ ಒಳರಸ್ತೆಗಳಲ್ಲಿ ತಿಂಗಳುಗಟ್ಟಲೆ ಓಡಿಸಿದೆ. ನಾಯಿಗಳು ನನ್ನ ಕಾರನ್ನು ಗುರುತಿಸಿ ಮೊದಲೇ ಎದ್ದು ಹೋಗುವಷ್ಟು ಪಳಗಿದವು.

ಹೀಗಿರುವಾಗ ತಮ್ಮ ಶಿವಣ್ಣನ ಮಗಳಿಗೆ ನಿಶ್ಚಿತಾರ್ಥ ಗೊತ್ತಾಯಿತು. ಅವನಿರುವುದು ಹುಣಸಮಾರನಹಳ್ಳಿಯ ಹಳೇ ಮನೆಯಲ್ಲಿ. ಪುರೋಹಿತರಾದ ಶಾಸ್ತ್ರಿಗಳಿರುವುದು ನಮ್ಮ ಪಕ್ಕದ ಬೀದಿಯಲ್ಲಿ. ಅವರನ್ನು ಕ್ಯಾಬಿನಲ್ಲಿ ಕರೆದುಕೊಂಡು ಬಾ ಎಂದ ಶಿವಣ್ಣ.

"ಕ್ಯಾಬ್ ಯಾಕೋ? ನಾನಿಲ್ವಾ?" ಎಂದೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೊರಟೆವು. ಮುಹೂರ್ತ ಹತ್ತೂಮುಕ್ಕಾಲಿಗೆ. ಹಿಂದಿನ ಸೀಟಿನಲ್ಲಿ ಶಾಸ್ತ್ರಿಗಳು ಮತ್ತು ಒಂದು ಚೀಲ ತೆಂಗಿನಕಾಯಿ. ಪಕ್ಕದಲ್ಲಿ ನನ್ನ ಯಜಮಾನರು. ಅವರಿಗೆ ಡ್ರೈವಿಂಗ್ ಬರುವುದಿಲ್ಲ, ಸಲಹೆ ಬರುತ್ತದೆ.

"ಸರ್ವಿಸ್ ರೋಡಲ್ಲೇ ಹೋಗು. ಮುಂದೆ ಬಸ್ಸಿದೆಯಲ್ಲ, ಅದರ ಹಿಂದೆ ಇರು, ಸಾಕು" ಎಂದರು.

ನಾನು ವಿಧೇಯ ಪತ್ನಿ. ಬಸ್ಸಿನ ಹಿಂದೆಯೇ ಇದ್ದೆ. ಬಸ್ಸು ಮೇಲೇರಿತು. ನಾನೂ ಏರಿದೆ.

"ಇದು ಏರ್‌ಪೋರ್ಟ್ ಫ್ಲೈಓವರ್ ಕಣೇ!"

"ಗೊತ್ತು ಸುಮ್ನಿರಿ" ಎಂದೆ. ಗೊತ್ತಿರಲಿಲ್ಲ.

ಅಲ್ಲಿ ಎಲ್ಲರೂ ಎಂಬತ್ತರಲ್ಲಿ ಹೋಗುತ್ತಿದ್ದರು. ನಲವತ್ತು ದಾಟಿದರೆ ನನ್ನ ಎದೆ ಬಾಯಿಗೆ ಬರುತ್ತದೆ. ಆದರೆ ನಿಧಾನಿಸಿದರೆ ಹಿಂದಿನವರು ಹಾರ್ನಿನಲ್ಲೇ ನಮ್ಮನ್ನು ಎತ್ತಿ ಎಸೆಯುವಂತಿದ್ದರು. ಕೈ ಬೆವರಿ ಸ್ಟೀರಿಂಗ್ ಜಾರತೊಡಗಿತು. ಸೇತುವೆ ಇಳಿದಾಗ ಎಡಕ್ಕೆ ಬಂದು ಸರ್ವಿಸ್ ರೋಡಿಗೆ ಸೇರಬೇಕಿತ್ತು. ಎಡಕ್ಕೆ ನೋಡಿದೆ. ಲಾರಿ. ಅದರ ಹಿಂದೆ ಲಾರಿ. ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕಿದೆ. ಅದನ್ನು ನಿಲ್ಲಿಸಲು ಹೋಗಿ ಗಾಜಿಗೆ ನೀರು ಹಾರಿಸಿದೆ. ಒಂದು ಕ್ಷಣ ಎದುರಿಗೆ ಏನೂ ಕಾಣಲಿಲ್ಲ. ಬ್ರೇಕ್ ಒತ್ತಿದೆ. ಚೀಲದ ತೆಂಗಿನಕಾಯಿಗಳೆಲ್ಲ ಒಮ್ಮೆಲೇ ಮುಂದಕ್ಕೆ ಉರುಳಿ ನನ್ನ ಸೀಟಿನ ಬೆನ್ನಿಗೆ ಗುದ್ದಿದವು. ಲಾರಿಯೊಂದು ನಮ್ಮ ಕನ್ನಡಿಯನ್ನು ಸವರಿದಂತೆ ಹಾದುಹೋಯಿತು.

ನಿಜಕ್ಕೂ ಸತ್ತೆವೆಂದುಕೊಂಡೆ. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ಬಾಲ್ಯದ ಕನಸಿನಲ್ಲಿ ರಸ್ತೆ ಖಾಲಿ ಇರುತ್ತದೆ. ನಲವತ್ತು ವರ್ಷ ನಾನು ಆ ಖಾಲಿ ರಸ್ತೆಯಲ್ಲಿ ಬಸ್ಸು ಓಡಿಸಿಕೊಂಡಿದ್ದೆ. ಲಾರಿಗಳನ್ನು ಕನಸಿಗೆ ಸೇರಿಸಬೇಕೆಂದು ನನಗೆ ಹೊಳೆದಿರಲೇ ಇಲ್ಲ.

ಹಿಂದಿನಿಂದ ಶಾಸ್ತ್ರಿಗಳ ಮಂತ್ರ ಕೇಳಿಸತೊಡಗಿತು. ಅದು ನಿಶ್ಚಿತಾರ್ಥದ ಮಂತ್ರವಲ್ಲ.

ಅಷ್ಟರಲ್ಲಿ ನಮ್ಮೂರು ಬಂದೇಬಿಟ್ಟಿತು. ಸರ್ವಿಸ್ ರೋಡಿನಾಚೆ ಶಾಮಿಯಾನ ಕಂಡಿತು. ಅದರ ಮುಂದೆ ಹೊಸ ಪಂಚೆಯುಟ್ಟ ಶಿವಣ್ಣ ಎರಡೂ ಕೈ ಎತ್ತಿ ಬೀಸುತ್ತಿದ್ದ. ಅವನ ಮುಂದೆಯೇ ಅರವತ್ತರಲ್ಲಿ ಹಾದುಹೋದೆವು. ತಕ್ಷಣ ಫೋನ್ ಬಂತು. ಯಜಮಾನರು ಸ್ಪೀಕರ್ ಹಾಕಿದರು.

"ಅಕ್ಕಾ, ಈಗ ಓಯ್ತಲ್ಲ ಕಾರು, ನಿಂದೇನಾ?"

"ಹೂಂ ಕಣೋ!"

"ಗಂಡಿನ ಕಡೆಯೋರು ಬಂದವ್ರೆ ಕಣಕ್ಕಾ! ಅಯ್ನೋರನ್ನ ಕೂರಿಸ್ಕೊಂಡು ಎಲ್ಲಿಗೆ ಓಯ್ತಿದ್ದೀಯಾ?"

"ಗೊತ್ತಿಲ್ಲ ಕಣೋ!"

ಇದಕ್ಕಿಂತ ಪ್ರಾಮಾಣಿಕ ಉತ್ತರವನ್ನು ನಾನು ಜೀವನದಲ್ಲಿ ಕೊಟ್ಟಿಲ್ಲ. ಚಿಕ್ಕಜಾಲ ಹೋಯಿತು. ಟೋಲ್ ಹೋಯಿತು. "ಇಲ್ಲಿ ತಿರುಗ್ಸು" ಎಂದು ಯಜಮಾನರು ಹೇಳುವಷ್ಟರಲ್ಲಿ ಪ್ರತಿ ತಿರುವೂ ಹಿಂದೆ ಹೋಗಿರುತ್ತಿತ್ತು. ನಾನು ಬಸ್ಸನ್ನು ಬಿಡಲಿಲ್ಲ. ಆ ರಸ್ತೆಯಲ್ಲಿ ನನಗೆ ಪರಿಚಯವಿದ್ದದ್ದು ಅದೊಂದೇ. ಕಡೆಗೆ ಅದು ನಿಂತಿತು. ನಾನೂ ನಿಂತೆ. ವಿಮಾನ ನಿಲ್ದಾಣ.

ಸೆಕ್ಯುರಿಟಿಯವನು ಬಗ್ಗಿ ನೋಡಿದ. "ಮೇಡಂ, ಯಾವ ಫ್ಲೈಟು?"

"ಫ್ಲೈಟಿಲ್ಲಪ್ಪ. ನಿಶ್ಚಿತಾರ್ಥ."

ಅವನು ಶಾಸ್ತ್ರಿಗಳ ಕಡೆ ನೋಡಿದ. ಅವರು ಆಗಲೇ ಬಾಗಿಲು ತೆಗೆದು ಇಳಿದಿದ್ದರು. "ಅಮ್ಮಾ, ತಪ್ಪು ತಿಳ್ಕೋಬೇಡಿ, ನಾನು ಟ್ಯಾಕ್ಸಿಲಿ ಬರ್ತೀನಿ" ಎಂದರು. ಟ್ಯಾಕ್ಸಿಯ ಸಾಲು ನೋಡಿದರು. ಗಡಿಯಾರ ನೋಡಿದರು. ನನ್ನನ್ನು ನೋಡಿದರು. ಕಣ್ಣು ಮುಚ್ಚಿ ಮತ್ತೆ ಹತ್ತಿ ಕುಳಿತರು.

ವಾಪಸ್ ಬರುವಾಗ ಎಡದಂಚಿನಲ್ಲಿ, ನಾಲ್ಕೂ ಮೂಲೆಯ ದೀಪ ಮಿಣುಕಿಸುತ್ತಾ, ಮೂವತ್ತರಲ್ಲಿ ಬಂದೆ. ಯಜಮಾನರು ಒಂದು ಸಲಹೆಯನ್ನೂ ಕೊಡಲಿಲ್ಲ! ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು.

ತಲುಪಿದಾಗ ಮುಹೂರ್ತ ಮೀರಿ ಮುಕ್ಕಾಲು ಗಂಟೆಯಾಗಿತ್ತು. ಗಂಡಿನ ಕಡೆಯವರ ಮುಖ ಬಿಗಿದಿತ್ತು. ತಮ್ಮನ ಮಗಳ ಕಣ್ಣು ಕೆಂಪಾಗಿತ್ತು. ನನ್ನ ಹುಚ್ಚಿಗೆ ಈ ಮಗುವಿನ ಸಂಬಂಧ ಮುರಿದರೆ? ಶಾಸ್ತ್ರಿಗಳು ಎರಡು ಲೋಟ ನೀರು ಕುಡಿದು, ಪಂಚಾಂಗ ತೆರೆದು ಘೋಷಿಸಿದರು: "ಆಗಿದ್ದಕ್ಕಿಂತ ಈಗಿರೋ ಲಗ್ನವೇ ಶ್ರೇಷ್ಠ!" ಅವರ ಮುಖದಲ್ಲಿದ್ದ ಪುನರ್ಜನ್ಮದ ಕಳೆ ಕಂಡು ಯಾರೂ ಎದುರಾಡಲಿಲ್ಲ. ತಾಂಬೂಲ ಬದಲಾಯಿತು. ನಾನು ಮೂಲೆಯಲ್ಲಿ ನಿಂತು ಅತ್ತೆ.

ನಮ್ಮವರ ಸಮಾರಂಭಗಳಲ್ಲಿ ಊಟವಾದ ಮೇಲೆ ಕಾರಿದ್ದವರ ಸುತ್ತ ನೆಂಟರು ಮುತ್ತುತ್ತಾರೆ. ಅಂದು ನಾನು ಕೀ ಹಿಡಿದು ಅರ್ಧ ಗಂಟೆ ನಿಂತೆ. ಒಬ್ಬರೂ ಹತ್ತಿರ ಸುಳಿಯಲಿಲ್ಲ. ಶಾಸ್ತ್ರಿಗಳು ಗಂಡಿನ ಕಡೆಯವರ ಸ್ಕೂಟರಿನಲ್ಲಿ ಹೋದರು. ಯಜಮಾನರು ಆಟೋ ಕರೆದರು. ಅದರಲ್ಲಿ ಅವರಿಗಿಂತ ಮೊದಲು ನಾನೇ ಹತ್ತಿ ಕುಳಿತೆ.

ಕಾರು ಈಗಲೂ ಅಲ್ಲೇ, ತಮ್ಮನ ಅಂಗಳದಲ್ಲಿದೆ. ಮೊನ್ನೆ ಅವನು ಫೋನ್ ಮಾಡಿದ್ದ.

"ಅಕ್ಕಾ, ಕಾರಿನ ಮ್ಯಾಲೆ ಮೆಣಸಿನಕಾಯಿ ಒಣಗಾಕ್ಲಾ?"

"ಹಾಕಪ್ಪ. ಆದ್ರೆ ನಿಂತಿರೋ ಜಾಗದಿಂದ ಮಾತ್ರ ಅಲುಗಾಡಿಸ್ಬೇಡ" ಎಂದೆ. "ಅಷ್ಟು ನೆಟ್ಟಗೆ ಪಾರ್ಕ್ ಮಾಡಿರೋದು ನನ್ನ ಜೀವನದಲ್ಲಿ ಅದೊಂದೇ ಸಲ!"